ಮೆದು ಗೋಧಿ ಮತ್ತು ಸೊಲ್ಲಾಪುರದ ಬಿಸಿಲು

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನ ನಮ್ಮ ಎರೆ ಹೊಲಗಳಲ್ಲಿ ಹಿಂಗಾರಿಗೆ ಜೋಳವೇ ಮುಖ್ಯ ಬೆಳೆ; ಬಾವಿಯ ನೀರು ಇರುವ ಕಡೆ ಮಾತ್ರ ಗೋಧಿ. ಬಿಸ್ಕತ್ತಿಗೆ ಒಗ್ಗುವ ಮೆದು ಗೋಧಿಯನ್ನು ಇಲ್ಲಿ ಬೆಳೆಯಬಹುದೇ ಎಂದು ಈಚೆಗೆ ಗೆಳೆಯರು ಕೇಳುತ್ತಿದ್ದಾರೆ. ಬೆಳೆ ಬರುತ್ತದೆ, ಬೇಕರಿಯವರು ಕೇಳುವ ಗುಣ ಬರುವುದೇ ಕಷ್ಟ.

ಕೆನಡಾದಲ್ಲಿ ವಸಂತದಲ್ಲಿ ಬಿತ್ತುವ ಗೋಧಿಗೂ ನಾವು ನವೆಂಬರಿನಲ್ಲಿ ಬಿತ್ತುವ ಗೋಧಿಗೂ ಮೂಲ ಸ್ವಭಾವ ಒಂದೇ: ತೆನೆ ಹಾಯಲು ಇವುಗಳಿಗೆ ವಾರಗಟ್ಟಲೆ ಕೊರೆವ ಚಳಿ ಬೇಕಿಲ್ಲ. ಹಾಗಾಗಿ ಬೆಳೆ ಇಲ್ಲೂ ಬರುತ್ತದೆ. ಕಾಳಿನ ಮೆದುತನ ಬೇರೆಯೇ ವಿಷಯ. ಅದನ್ನು ಮುಖ್ಯವಾಗಿ ನಿರ್ಧರಿಸುವುದು ಗೋಧಿಯ 5ಡಿ ವರ್ಣತಂತುವಿನಲ್ಲಿರುವ ಪ್ಯೂರೋಇಂಡೋಲಿನ್ ಎಂಬ ಎರಡು ಜೀನುಗಳು. ಅವೆರಡೂ ಕೆಡದೆ ಉಳಿದಿದ್ದರೆ ಕಾಳು ಮೆದು, ಒಂದು ಕೆಟ್ಟರೂ ಗಟ್ಟಿ. ಡಿ ಗುಂಪಿನ ವರ್ಣತಂತುಗಳೇ ಇಲ್ಲದ, ರವೆಗೆ ಬಳಸುವ ಬನ್ಸಿ ಗೋಧಿ ಕಲ್ಲಿನಂತಿರುವುದು ಇದೇ ಕಾರಣಕ್ಕೆ. ಮೆದು ಕಾಳನ್ನು ಹಲ್ಲಿನಲ್ಲಿ ಕಡಿದರೆ ಸಲೀಸಾಗಿ ಒಡೆದು ಒಳಗೆ ಸುಣ್ಣದಂತೆ ಬಿಳಿಯಾಗಿ ಕಾಣುತ್ತದೆ, ಗಿರಣಿಯಲ್ಲಿ ಅದರ ನುಣ್ಣನೆಯ ಹಿಟ್ಟು ಜರಡಿಗೆ ಮೆತ್ತಿಕೊಂಡು ಬೇಗ ಇಳಿಯುವುದಿಲ್ಲ.

ಆದರೆ ಬಿಸ್ಕತ್ತಿಗೆ ಮೆದುತನವೊಂದೇ ಸಾಲದು, ಪ್ರೋಟೀನ್ ಸುಮಾರು ಶೇಕಡಾ 10ರ ಒಳಗಿರಬೇಕು. ಅದನ್ನು ಬೀಜಕ್ಕಿಂತ ಹೆಚ್ಚಾಗಿ ಹೊಲವೇ ತೀರ್ಮಾನಿಸುತ್ತದೆ. ಫೆಬ್ರುವರಿಯಲ್ಲಿ ಬಿಸಿಲೇರಿದಾಗ ಕಾಳಿಗೆ ಪಿಷ್ಟ ತುಂಬುವ ಅವಧಿ ಕುಗ್ಗಿ, ಕಾಳು ಸೊರಗಿ, ಪ್ರೋಟೀನಿನ ಪ್ರಮಾಣ ಏರುತ್ತದೆ. ಬಿಸ್ಕತ್ತಿಗೆ ಹೆಸರಾದ ಎಚ್‌ಎಸ್ 490 ತಳಿ ಉತ್ತರದ ಗುಡ್ಡಗಾಡಿಗೆಂದು ರೂಪುಗೊಂಡದ್ದು. ಅಲ್ಲಿನ ತಂಪನ್ನು ನಾವು ಎಲ್ಲಿಂದ ತರೋಣ?

ಆದರೂ ಬಿತ್ತುವವರು ನವೆಂಬರಿನ ಮೊದಲ ಪಕ್ಷವನ್ನು ತಪ್ಪಿಸಬಾರದು. ಹೆಕ್ಟೇರಿಗೆ ಸುಮಾರು 100 ಕಿಲೋ ಬೀಜ, ಸಾಲಿನಿಂದ ಸಾಲಿಗೆ 22.5 ಸೆಂಟಿಮೀಟರ್ ಅಂತರ ಸಾಕು. ಬಿತ್ತಿದ 21ನೇ ದಿನದ ಹೊತ್ತಿಗೆ ಗಿಡದ ಬುಡದಲ್ಲಿ ಕಿರೀಟ ಬೇರು ಮೂಡುವಾಗ ನೀರು ತಪ್ಪಿದರೆ ತೆಂಡೆ, ಅಂದರೆ ಬುಡದಿಂದ ಒಡೆಯುವ ಕವಲು, ಕಡಿಮೆಯಾಗುತ್ತದೆ. ಯೂರಿಯಾವನ್ನು ಬಿತ್ತನೆಯಲ್ಲಿ ಅರ್ಧ, ಆ ಮೊದಲ ನೀರಿನೊಂದಿಗೆ ಉಳಿದರ್ಧ ಕೊಟ್ಟು ನಿಲ್ಲಿಸಬೇಕು, ಏಕೆಂದರೆ ತೆನೆ ಬಂದ ಮೇಲೆ ಕೊಟ್ಟ ಸಾರಜನಕ ನೇರವಾಗಿ ಪ್ರೋಟೀನಿಗೆ ಹೋಗುತ್ತದೆ. ತುಕ್ಕು ರೋಗದ ಬೀಜಕಣಗಳು ನೀಲಗಿರಿ, ಪಳನಿ ಬೆಟ್ಟಗಳ ಕಡೆಯಿಂದ ಗಾಳಿಯಲ್ಲಿ ಬರುವುದರಿಂದ, ರೋಗ ತಡೆಯದ ತಳಿಯನ್ನು ತರಿಸಲೇಬಾರದು.

ಇಷ್ಟಾದರೂ ನಮ್ಮ ಸಂತೆಯಲ್ಲಿ ಕೊಳ್ಳುವವರು ಚಪಾತಿಗೆ ಕೊಳ್ಳುವವರು. ಮೆದು ಗೋಧಿಯ ಹಿಟ್ಟು ನೀರು ಕಡಿಮೆ ಹಿಡಿದು, ಚಪಾತಿ ಬೇಗ ಒಣಗುತ್ತದೆ. ಬೇಕರಿಯವರ ಖರೀದಿಯ ಮಾತು ಮೊದಲೇ ಪಕ್ಕಾ ಆಗದಿದ್ದರೆ ಅರ್ಧ ಎಕರೆಗಿಂತ ಹೆಚ್ಚು ಬಿತ್ತುವುದು ಬೇಡ.