ಒಂಟಾರಿಯೊದಲ್ಲಿ ಗಾಂಜಾ ಅಂಗಡಿ ಲೈಸೆನ್ಸ್: ಕೆಲಸ ಎಲ್ಲಿಗೆ ಬಂತು

ಈಗಿನ ಸ್ಥಿತಿ: ಮಿಸ್ಸಿಸ್ಸಾಗಾದ ಒಂದು ಸಣ್ಣ ಪ್ಲಾಜಾದಲ್ಲಿ ಮಳಿಗೆ. ಆಪರೇಟರ್ ಲೈಸೆನ್ಸ್ ಬಂದಿದೆ, ಮ್ಯಾನೇಜರ್ ಲೈಸೆನ್ಸ್ ಬಂದಿದೆ, ಅಂಗಡಿ ಅನುಮತಿಯ ಸಾರ್ವಜನಿಕ ನೋಟಿಸ್ ಅವಧಿ ಮುಗಿದಿದೆ. ತೆರೆಯುವ ಮುಂಚಿನ ತಪಾಸಣೆ ಬಾಕಿ. ಟೊರಾಂಟೊ ಸುತ್ತಮುತ್ತಲ ಕನ್ನಡಿಗರಲ್ಲಿ ಈ ವ್ಯಾಪಾರದ ಬಗ್ಗೆ ವಿಚಾರಿಸುವವರು ಇರುವುದರಿಂದ ಹಂತಹಂತವಾಗಿ ಬರೆದಿಡಲಾಗಿದೆ.

ಹಿನ್ನೆಲೆ ಚುಟುಕಾಗಿ. ಕೆನಡಾದಲ್ಲಿ ಗಾಂಜಾ 2018ರ ಅಕ್ಟೋಬರ್ 17ರಿಂದ ಕಾನೂನುಬದ್ಧ. ಅಂಗಡಿಯನ್ನು ಯಾರು ಇಡಬಹುದು ಅನ್ನುವುದು ಆಯಾ ಪ್ರಾಂತ್ಯಕ್ಕೆ ಬಿಟ್ಟದ್ದು. ಒಂಟಾರಿಯೊದಲ್ಲಿ ಲೈಸೆನ್ಸ್ ಕೊಡುವುದು ಎಜಿಸಿಓ, ಅಂದರೆ ಮದ್ಯ ಮತ್ತು ಜೂಜನ್ನು ನೋಡಿಕೊಳ್ಳುವ ಅದೇ ಆಯೋಗ. ಮಾಲು ಕೊಡುವುದು ಓಸಿಎಸ್, ಪ್ರಾಂತ್ಯದ ಏಕೈಕ ಸಗಟು ಮಾರಾಟಗಾರ. 2019ರಲ್ಲಿ ಲಾಟರಿ ಎತ್ತಿ ಅಂಗಡಿ ಹಂಚಿದರು. 2020ರ ಜನವರಿಯಿಂದ ಅರ್ಹತೆ ಇದ್ದವರೆಲ್ಲ ಅರ್ಜಿ ಹಾಕಬಹುದು. ಮಿಸ್ಸಿಸ್ಸಾಗಾ ನಗರ ಮೊದಲು ಬೇಡವೆಂದು ಹೊರಗುಳಿದಿತ್ತು, 2023ರ ಏಪ್ರಿಲ್‌ನಲ್ಲಿ ಒಪ್ಪಿತು. ಬೇಡ ಎಂದ ನಗರ ಆಮೇಲೆ ಒಪ್ಪಬಹುದು, ಆದರೆ ಒಮ್ಮೆ ಒಪ್ಪಿದ ಮೇಲೆ ಹಿಂದೆ ಸರಿಯುವಂತಿಲ್ಲ. ಹಾಗಾಗಿ ಊರು ಆರಿಸುವಾಗ ಮೊದಲು ನೋಡಬೇಕಾದದ್ದು ಒಪ್ಪಿದ ನಗರಗಳ ಪಟ್ಟಿ.

ಮೂರು ಕಾಗದ

ಬೇಕಾದ ಅನುಮತಿ ಒಂದಲ್ಲ, ಮೂರು. ಆಪರೇಟರ್ ಲೈಸೆನ್ಸ್ ವ್ಯಕ್ತಿಗೆ ಅಥವಾ ಕಂಪನಿಗೆ: ಶುಲ್ಕ 6,000 ಡಾಲರ್. ಅಂಗಡಿ ಅನುಮತಿ ನಿರ್ದಿಷ್ಟ ವಿಳಾಸಕ್ಕೆ: 4,000 ಡಾಲರ್. ಮ್ಯಾನೇಜರ್ ಲೈಸೆನ್ಸ್ ಅಂಗಡಿ ನಡೆಸುವ ವ್ಯಕ್ತಿಗೆ: 750 ಡಾಲರ್. ಒಟ್ಟು 10,750. ತಿರಸ್ಕಾರವಾದರೆ ಈ ದುಡ್ಡು ವಾಪಸ್ ಬರುವುದಿಲ್ಲ. ಒಬ್ಬರೇ ಮಾಲೀಕರಾಗಿ, ಸ್ವಂತ ಹೆಸರಿನಲ್ಲಿ ಲೈಸೆನ್ಸ್ ಪಡೆದು, ಅಂಗಡಿಯನ್ನೂ ತಾವೇ ನೋಡಿಕೊಳ್ಳುವುದಾದರೆ ಮೂರನೆಯದು ಬೇಕಿಲ್ಲ. ಕಂಪನಿ ಮಾಡಿಕೊಂಡರೆ ಬೇಕೇ ಬೇಕು.

ಅರ್ಜಿಗಳೆಲ್ಲ ಎಜಿಸಿಓದ ಆನ್‌ಲೈನ್ ತಾಣವಾದ ಐಎಜಿಸಿಓ ಪೋರ್ಟಲ್‌ನಲ್ಲೇ. ಆಪರೇಟರ್ ಲೈಸೆನ್ಸ್ ತಡವಾಗುವುದು ಬಹುತೇಕ ಎರಡು ಕಾರಣಕ್ಕೆ. ಒಂದು, ತೆರಿಗೆ. ಹಣಕಾಸು ಇಲಾಖೆಯಿಂದ ತೆರಿಗೆ ಪಾಲನೆಯ ದೃಢೀಕರಣ ಬೇಕು; ಸಲ್ಲಿಸದೆ ಬಿಟ್ಟ ಹಳೆಯ ಎಚ್‌ಎಸ್‌ಟಿ (ಮಾರಾಟ ತೆರಿಗೆ) ರಿಟರ್ನ್ ಒಂದಿದ್ದರೂ, ಕಟ್ಟಬೇಕಾದ ಮೊತ್ತ ಸೊನ್ನೆಯೇ ಆಗಿದ್ದರೂ, ಕೆಲಸ ನಿಲ್ಲುತ್ತದೆ. ಎರಡು, ದುಡ್ಡಿನ ಮೂಲ. ನಿರ್ದೇಶಕರು, ಪಾಲುದಾರರು ವೈಯಕ್ತಿಕ ವಿವರದ ಅರ್ಜಿ ತುಂಬಬೇಕು. ಬಂಡವಾಳದಲ್ಲಿ ಒಂದು ಭಾಗ ಬೆಂಗಳೂರಿನ ಸೈಟ್ ಮಾರಿದ್ದಾದರೆ ಕ್ರಯಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಹಣ ಕಳಿಸಿದ ದಾಖಲೆ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಕ್ರಯಪತ್ರ ಕನ್ನಡದಲ್ಲಿದ್ದರೆ ಪ್ರಮಾಣೀಕೃತ ಅನುವಾದವನ್ನು ಮೊದಲೇ ಮಾಡಿಸಿಡುವುದು ಜಾಣತನ. "ಮಾವ ಕೊಟ್ಟರು" ಅನ್ನುವುದು ಉತ್ತರವೇ, ಆದರೆ ಮಾವನ ಸಹಿ ಇರುವ ಪತ್ರ ಜೊತೆಗಿರಬೇಕು. 2018ರ ಅಕ್ಟೋಬರ್ 17ರ ನಂತರ ಲೈಸೆನ್ಸ್ ಇಲ್ಲದೆ ಅಂಗಡಿ ನಡೆಸಿದವರಿಗೆ ಈ ದಾರಿಯೇ ಇಲ್ಲ.

150 ಮೀಟರ್

ಇಡೀ ಯೋಜನೆ ನಿಲ್ಲುವುದೋ ಬೀಳುವುದೋ ಇಲ್ಲೇ. ಶಾಲೆಯಿಂದ 150 ಮೀಟರ್ ಒಳಗೆ ಅಂಗಡಿ ಇರುವಂತಿಲ್ಲ. ಸರ್ಕಾರಿ ಶಾಲೆ ಕಣ್ಣಿಗೆ ಬೀಳುತ್ತದೆ. ಕಾಲು ಜಾರಿಸುವುದು ಖಾಸಗಿ ಶಾಲೆ.

ಅಳತೆ ಎರಡು ಥರ. ಕಟ್ಟಡದಲ್ಲಿ ಶಾಲೆಯೇ ಮುಖ್ಯ ಅಥವಾ ಏಕೈಕ ಬಳಕೆದಾರ ಆಗಿದ್ದರೆ ಶಾಲೆಯ ಆಸ್ತಿಯ ಗಡಿಯಿಂದ ಅಳೆಯುತ್ತಾರೆ. ಆಟದ ಮೈದಾನ, ಪಾರ್ಕಿಂಗ್ ಎಲ್ಲ ಸೇರಿ ಬೇಲಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ. ಶಾಲೆ ಪ್ಲಾಜಾದ ಯಾವುದೋ ಮಹಡಿಯಲ್ಲಿ ಹತ್ತರಲ್ಲಿ ಒಂದು ಬಾಡಿಗೆದಾರನಾಗಿದ್ದರೆ, ಆ ಶಾಲೆ ಬಳಸುವ ಜಾಗದ ಗಡಿಯಿಂದ. ನಡೆದು ಹೋಗುವ ದಾರಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ, ನೇರ ಗೆರೆಯಲ್ಲೇ ಅಳೆಯಬೇಕು. ಗೂಗಲ್ ಮ್ಯಾಪ್‌ನಲ್ಲಿ ಬಾಗಿಲಿಂದ ಬಾಗಿಲಿಗೆ 210 ಮೀಟರ್ ತೋರಿಸುವ ಜಾಗ, ಬೇಲಿಯಿಂದ ಗೋಡೆಗೆ ಎಳೆದರೆ 140 ಆಗಿಬಿಡಬಹುದು. ಅಂಚಿನಲ್ಲಿದೆ ಅನ್ನಿಸಿದರೆ ಲೈಸೆನ್ಸ್ ಇರುವ ಸರ್ವೇಯರ್ ಕೈಲಿ ಅಳೆಸಬೇಕು.

ಒಂಟಾರಿಯೊ ಶಿಕ್ಷಣ ಕಾಯ್ದೆಯ ಪ್ರಕಾರ, ಶಾಲಾ ದಿನದ ಬೆಳಿಗ್ಗೆ 9ರಿಂದ ಸಂಜೆ 4ರ ನಡುವೆ, ಕಡ್ಡಾಯ ಶಿಕ್ಷಣದ ವಯಸ್ಸಿನ ಐದು ಅಥವಾ ಹೆಚ್ಚು ಮಕ್ಕಳಿಗೆ ಪಾಠ ಹೇಳುವ ಜಾಗ ಖಾಸಗಿ ಶಾಲೆ. ಐದೇ ಮಕ್ಕಳು ಸಾಕು. ಮಿಸ್ಸಿಸ್ಸಾಗಾ, ಬ್ರಾಂಪ್ಟನ್ ಕಡೆ ಇಂಥವು ಪ್ಲಾಜಾಗಳ ಎರಡನೇ ಮಹಡಿಯಲ್ಲಿ, ರಸ್ತೆಯ ಕಡೆ ಬೋರ್ಡೇ ಇಲ್ಲದೆ ಇರುತ್ತವೆ. ಶಿಕ್ಷಣ ಇಲಾಖೆಯ ಖಾಸಗಿ ಶಾಲೆಗಳ ಪಟ್ಟಿಯನ್ನು ಪಿನ್‌ಕೋಡ್ ಹಿಡಿದು ನೋಡಿ, ಆಮೇಲೆ ಪ್ಲಾಜಾದ ಬಾಡಿಗೆದಾರರ ಬೋರ್ಡನ್ನು ಕಾಲ್ನಡಿಗೆಯಲ್ಲಿ ಹೋಗಿ ಓದಬೇಕು. ಟ್ಯೂಷನ್ ಸೆಂಟರ್ ಮತ್ತು ಶಿಶುವಿಹಾರ ಈ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಸಂಜೆ ಟ್ಯೂಷನ್ ಎಂದು ಬೋರ್ಡ್ ಹಾಕಿ ಹಗಲು ಪೂರ್ತಿ ಶಾಲೆ ನಡೆಸುವವರಿದ್ದಾರೆ. ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ನೋಡಿದರೆ ಗೊತ್ತಾಗುತ್ತದೆ.

ಬಾಡಿಗೆ ಕರಾರು

ಹೆಚ್ಚು ದುಡ್ಡು ಕಳೆಯುವುದು ಲೈಸೆನ್ಸ್ ಶುಲ್ಕದಲ್ಲಲ್ಲ, ಲೀಸ್‌ನಲ್ಲಿ. ಅಂಗಡಿ ಅನುಮತಿ ಸಿಗಬೇಕಾದರೆ ಆ ಜಾಗದ ಮೇಲೆ ಹಕ್ಕು ತೋರಿಸಬೇಕು. ಅನುಮತಿ ಯಾವಾಗ ಬರುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ. ಬಾಡಿಗೆ ಮಾತ್ರ ಮೊದಲ ತಿಂಗಳಿಂದ ಓಡುತ್ತಿರುತ್ತದೆ.

ಹಾಗಾಗಿ ಕರಾರಿನಲ್ಲಿ ಇವು ಇರಲೇಬೇಕು: ಎಜಿಸಿಓ ಅನುಮತಿ ಸಿಗದಿದ್ದರೆ ದಂಡವಿಲ್ಲದೆ ಕರಾರು ರದ್ದು; ಬಾಡಿಗೆ ಇಲ್ಲದ ಅವಧಿ ಸಹಿ ಹಾಕಿದ ದಿನದಿಂದಲ್ಲ, ಅನುಮತಿ ಬಂದ ದಿನದಿಂದ ಶುರು; ಬಳಕೆ "ಚಿಲ್ಲರೆ ವ್ಯಾಪಾರ" ಎಂದಷ್ಟೇ ಅಲ್ಲದೆ ಗಾಂಜಾ ಚಿಲ್ಲರೆ ಮಾರಾಟ ಎಂದೇ ನಮೂದು; ಅದೇ ಪ್ಲಾಜಾದಲ್ಲಿ ಇನ್ನೊಂದು ಗಾಂಜಾ ಅಂಗಡಿಗೆ ಕೊಡುವಂತಿಲ್ಲ. ಕೊನೆಯದು ಒಂಟಾರಿಯೊದಲ್ಲಿ ತುಂಬ ಮುಖ್ಯ. ಒಬ್ಬರ ಪಕ್ಕ ಇನ್ನೊಬ್ಬರು ತೆರೆಯುವುದನ್ನು ತಡೆಯುವ ದೂರದ ನಿಯಮ ಪ್ರಾಂತ್ಯದಲ್ಲಿಲ್ಲ. ಟೊರಾಂಟೊದ ಕ್ವೀನ್ ಸ್ಟ್ರೀಟ್ ವೆಸ್ಟ್‌ನಲ್ಲಿ ಒಂದು ಸುತ್ತು ಹಾಕಿದರೆ ಅದರ ಫಲ ಕಾಣುತ್ತದೆ.

ಪ್ಲಾಜಾ ಮಾಲೀಕ ಒಪ್ಪಿದ ಮಾತ್ರಕ್ಕೆ ಮುಗಿಯಲಿಲ್ಲ. ಅವನಿಗೆ ಸಾಲ ಕೊಟ್ಟವರು, ಕಟ್ಟಡದ ವಿಮೆ ಕಂಪನಿ, ದೊಡ್ಡ ಬಾಡಿಗೆದಾರನ ಹಳೆಯ ಷರತ್ತು, ಈ ಮೂರರಲ್ಲಿ ಯಾವುದಾದರೂ ಒಂದು ಗಾಂಜಾ ಬೇಡ ಎಂದಿರಬಹುದು. ಅದನ್ನು ಲಿಖಿತವಾಗಿ ಕೇಳಬೇಕು.

ಗಾಜಿನ ಮೇಲಿನ ನೋಟಿಸ್

ಅರ್ಜಿ ಸರಿಯಿದೆ ಎಂದಾದ ಮೇಲೆ ಅಂಗಡಿಯ ಮುಂದೆ ನೋಟಿಸ್ ಅಂಟಿಸಬೇಕು, 15 ದಿನ. ಎಜಿಸಿಓ ವೆಬ್‌ಸೈಟ್‌ನಲ್ಲೂ ವಿಳಾಸ ಬರುತ್ತದೆ. ಊರವರು ಮತ್ತು ನಗರಪಾಲಿಕೆ ಆಕ್ಷೇಪ ಹಾಕಬಹುದು, ಆದರೆ ಲೆಕ್ಕಕ್ಕೆ ಬರುವುದು ಮೂರೇ ವಿಷಯ: ಸಾರ್ವಜನಿಕ ಆರೋಗ್ಯ ಮತ್ತು ಸುರಕ್ಷತೆ, ಎಳೆಯರ ರಕ್ಷಣೆ, ಅಕ್ರಮ ಗಾಂಜಾ ತಡೆ. ನೋಟಿಸ್ ಹರಿದು ಬಿದ್ದರೆ ತಕ್ಷಣ ಮತ್ತೆ ಅಂಟಿಸಿ ದಿನಾಂಕ ಸಹಿತ ಫೋಟೊ ಇಟ್ಟುಕೊಳ್ಳುವುದು ಒಳ್ಳೆಯದು. ಒಳಗಿನಿಂದ ಗಾಜಿಗೆ ಅಂಟಿಸಿದರೆ ಮಳೆ, ಹಿಮದ ಕಾಟವೂ ಇಲ್ಲ.

ಹೆಸರು, ಬೋರ್ಡ್, ಲೋಗೊ

ಫೆಡರಲ್ ಕಾಯ್ದೆ ಇಲ್ಲಿ ಬಿಗಿ. ಪ್ರಚಾರದಲ್ಲಿ ವ್ಯಕ್ತಿ, ಪಾತ್ರ, ಪ್ರಾಣಿ, ನಿಜದ್ದಾಗಲಿ ಕಲ್ಪಿತವಾಗಲಿ, ಚಿತ್ರಿಸುವಂತಿಲ್ಲ. ಆನೆಯ ಲೋಗೊ ಹೋಯಿತು, ಗಂಡಭೇರುಂಡವೂ ಹೋಯಿತು. ಪ್ರಾಯೋಜಕತ್ವವೂ ನಿಷಿದ್ಧ: ರಾಜ್ಯೋತ್ಸವ ಕಾರ್ಯಕ್ರಮದ ಬ್ಯಾನರ್ ಮೇಲೆ ಅಂಗಡಿಯ ಹೆಸರು ಹಾಕಿಸುವಂತಿಲ್ಲ, ಸಂಘದವರು ಎಷ್ಟೇ ಒತ್ತಾಯ ಮಾಡಲಿ. ಹೊರಗೆ ನಿಂತ ಎಳೆಯರಿಗೆ ಮಾಲು ಕಾಣಬಾರದು. ಇದಕ್ಕಾಗಿ ಮುಂಗಾಜಿಗೆಲ್ಲ ಫಿಲ್ಮ್ ಅಂಟಿಸಿ ಅಂಗಡಿಯನ್ನು ಗುಹೆ ಮಾಡುವವರೇ ಹೆಚ್ಚು. ಆಗ ಒಳಗೆ ದರೋಡೆ ನಡೆದರೂ ಹೊರಗಿನವರಿಗೆ ತಿಳಿಯದು. ಪ್ರವೇಶದಲ್ಲಿ ಅಡ್ಡಗೋಡೆ ಕಟ್ಟಿ, ಕಪಾಟುಗಳನ್ನು ಬೀದಿಗೆ ಬೆನ್ನು ಮಾಡಿ ನಿಲ್ಲಿಸಿದರೆ ಗಾಜಿನ ದೊಡ್ಡ ಭಾಗ ತೆರೆದೇ ಇಡಬಹುದು. ನಕ್ಷೆ ಬರೆಯುವಾಗಲೇ ಇದನ್ನು ಯೋಚಿಸಬೇಕು.

ಕ್ಯಾಮೆರಾ ಮತ್ತು ಬಿಲ್ಲಿಂಗ್

ಬಾಗಿಲುಗಳು, ಮಾರಾಟದ ಜಾಗ, ಮಾಲು ಇಳಿಸುವ ಜಾಗ, ಗೋದಾಮು ಎಲ್ಲ ಕ್ಯಾಮೆರಾ ಕಣ್ಣಲ್ಲಿ ಇರಬೇಕು. ರೆಕಾರ್ಡಿಂಗ್ ಕನಿಷ್ಠ 30 ದಿನ ಉಳಿಯಬೇಕು. ಹಾರ್ಡ್ ಡಿಸ್ಕ್ ಲೆಕ್ಕ ತಪ್ಪುವುದು ಇಲ್ಲೇ. ಚಲನೆ ಇದ್ದಾಗ ಮಾತ್ರ ರೆಕಾರ್ಡ್ ಆಗುವ ಸೆಟ್ಟಿಂಗ್‌ನಲ್ಲಿ, ಖಾಲಿ ಅಂಗಡಿಯಲ್ಲಿ ಪರೀಕ್ಷಿಸಿದರೆ 40 ದಿನ ತೋರಿಸುತ್ತದೆ. ಗಿರಾಕಿ ಬರತೊಡಗಿದ ಮೇಲೆ ಅದೇ ಡಿಸ್ಕ್ 30ಕ್ಕಿಂತ ಕೆಳಗಿಳಿಯಬಹುದು. ನಿರಂತರ ರೆಕಾರ್ಡಿಂಗ್ ಎಂದೇ ಲೆಕ್ಕ ಹಾಕಿ ಡಿಸ್ಕ್ ಕೊಳ್ಳಬೇಕು.

ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಮುಖ್ಯ ಪರೀಕ್ಷೆ 30 ಗ್ರಾಂ ಮಿತಿ. ಒಂದು ಬಿಲ್ಲಿನಲ್ಲಿ ಒಣ ಗಾಂಜಾ ಲೆಕ್ಕದಲ್ಲಿ 30 ಗ್ರಾಂ ಮೀರುವಂತಿಲ್ಲ. 1 ಗ್ರಾಂ ಒಣ ಗಾಂಜಾ ಹೂವಿಗೆ ಸಮ: 5 ಗ್ರಾಂ ಹಸಿ, 15 ಗ್ರಾಂ ತಿನಿಸು, 0.25 ಗ್ರಾಂ ಸಾರ, 1 ಬೀಜ. ಪಾನೀಯಕ್ಕೆ ಹಿಂದೆ 70 ಗ್ರಾಂ ಇದ್ದದ್ದು 2022ರ ಡಿಸೆಂಬರ್‌ನಲ್ಲಿ 570 ಆಯಿತು. 28 ಗ್ರಾಂ ಹೂವು, 1 ಗ್ರಾಂ ವೇಪ್ ಬಿಲ್ ಮಾಡಿ ನೋಡಿ: ವೇಪ್ ಸಾರದ ಲೆಕ್ಕಕ್ಕೆ ಬರುವುದರಿಂದ ನಾಲ್ಕು ಗ್ರಾಮಿಗೆ ಸಮ, ಒಟ್ಟು 32, ಯಂತ್ರ ತಡೆಯಬೇಕು. ಆಮೇಲೆ ಹೊಸ ಬಿಲ್ಲಿನಲ್ಲಿ 355 ಮಿಲಿಯ 6 ಡಬ್ಬಿ ಪಾನೀಯ ಮಾತ್ರ ಹಾಕಿ. ತಡೆದರೆ ಅದರಲ್ಲಿ ಇನ್ನೂ ಹಳೆಯ 70ರ ಕೋಷ್ಟಕವೇ ಕೂತಿದೆ ಎಂದರ್ಥ. ಈಗಿನ ಲೆಕ್ಕದಲ್ಲಿ 48 ಡಬ್ಬಿಯವರೆಗೆ ಬಿಡಬೇಕು.

ಕೆಲಸಗಾರರೆಲ್ಲ ಕ್ಯಾನ್‌ಸೆಲ್ (ಗಾಂಜಾ ಮಾರುವವರಿಗೆ ಕಡ್ಡಾಯವಾದ) ತರಬೇತಿ ಮುಗಿಸಿದ ಪ್ರಮಾಣಪತ್ರ ಅಂಗಡಿಯಲ್ಲೇ ಇರಲಿ. 19 ತುಂಬದವರಿಗೆ ಒಳಗೆ ಪ್ರವೇಶವೇ ಇಲ್ಲ, 25ಕ್ಕಿಂತ ಚಿಕ್ಕವರಂತೆ ಕಂಡರೆ ಗುರುತಿನ ಚೀಟಿ ಕೇಳಲೇಬೇಕು. ಸ್ಟ್ರೋಲರ್‌ನಲ್ಲಿ ಮಗು ತಂದವರನ್ನೂ ಬಾಗಿಲಲ್ಲೇ ನಿಲ್ಲಿಸಬೇಕಾಗುತ್ತದೆ, ಹೇಗೆ ಹೇಳಬೇಕು ಅನ್ನುವುದನ್ನು ಮೊದಲೇ ಕಲಿಸಿಡಿ.

ಗಡಿಯ ವಿಚಾರ

ಕೆನಡಾ ಪೌರತ್ವ ಇಲ್ಲದ ಪಾಲುದಾರರು ಸಹಿ ಹಾಕುವ ಮುಂಚೆ ವಲಸೆ ವಕೀಲರನ್ನು ಕಾಣಬೇಕು. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಈ ವ್ಯಾಪಾರ ಇನ್ನೂ ಅಕ್ರಮ, ಡೆಟ್ರಾಯಿಟ್ ಗಡಿಯಲ್ಲಿ ಉದ್ಯೋಗ ಏನೆಂದು ಕೇಳಿದಾಗ ಉತ್ತರ ಭಾರವಾಗುತ್ತದೆ. ಇಲ್ಲಿಂದ ಮಾಲು ಹೊರದೇಶಕ್ಕೆ ಒಯ್ಯುವುದು ಅಪರಾಧ. ಬೆಂಗಳೂರಲ್ಲಿ ಇಳಿದರೆ ಮಾದಕವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಕಾಯುತ್ತಿರುತ್ತದೆ. ಗಾಂಜಾ ಬೆರೆತ ಗಮ್ಮಿ ಮಿಠಾಯಿಯ ಪೊಟ್ಟಣವನ್ನು ಸೂಟ್‌ಕೇಸಿನಲ್ಲಿ ಮರೆಯುವುದು ಸುಲಭ ಎಂದು ಸಿಬ್ಬಂದಿಗೂ ಹೇಳಿಡುವುದು ಒಳಿತು.

ಮುಂದಿನದು

ತಪಾಸಣೆಗೆ ಅಧಿಕಾರಿ ಬರುವ ಮುಂಚೆ ನೋಡಿಕೊಳ್ಳಬೇಕಾದವು: ಗೋದಾಮಿನ ಬೀಗ, ಅನುಮತಿ ಪತ್ರ ಮತ್ತು ಅಧಿಕೃತ ಅಂಗಡಿ ಎನ್ನುವ ಒಂಟಾರಿಯೊ ಮುದ್ರೆ ಜನರಿಗೆ ಕಾಣುವ ಜಾಗದಲ್ಲಿ, ವಾಸನೆ ತೋರಿಸುವ ಡಬ್ಬಿಗಳಿಗೆ ಬೀಗ, ಸಲ್ಲಿಸಿದ ನಕ್ಷೆಗೂ ಕಟ್ಟಿದ ಗೋಡೆಗೂ ತಾಳೆ. ಕಂಟ್ರಾಕ್ಟರ್ ಅನುಕೂಲಕ್ಕೆಂದು ಬಾಗಿಲು ಎರಡಡಿ ಸರಿಸಿದ್ದರೆ ತಿದ್ದಿದ ನಕ್ಷೆ ಮೊದಲೇ ಕಳಿಸಿಬಿಡಬೇಕು.

ಓಸಿಎಸ್‌ಗೆ ಮೊದಲ ಆರ್ಡರ್ ಚಿಕ್ಕದಾಗಿರಲಿ. ಹೂವಿಗೆ ಪ್ಯಾಕ್ ಮಾಡಿದ ದಿನಾಂಕ ಇರುತ್ತದೆ, ಗಿರಾಕಿಗಳು ಅದನ್ನು ಓದುತ್ತಾರೆ, ಹಳೆಯದು ಕಪಾಟಲ್ಲೇ ಉಳಿಯುತ್ತದೆ. ಮಾಲು ಇಳಿಸುವಾಗ ಪೆಟ್ಟಿಗೆ ಎಣಿಸಿದರೆ ಸಾಲದು, ಪೊಟ್ಟಣ ಎಣಿಸಬೇಕು. ಲಾಟ್ ಸಂಖ್ಯೆ ಮತ್ತು ಒಂಟಾರಿಯೊ ಅಬಕಾರಿ ಚೀಟಿ ನೋಡಿ, ಕ್ಯಾಮೆರಾ ಕೆಳಗೇ ಬಿಚ್ಚಬೇಕು. ಅಲ್ಲಿ ಒಂದು ಪೊಟ್ಟಣ ಕಮ್ಮಿ ಬಂದದ್ದು ದಾಖಲಾಗದಿದ್ದರೆ ತಿಂಗಳ ಕೊನೆಯ ದಾಸ್ತಾನು ವರದಿಯಲ್ಲಿ ಅದು ಅಂಗಡಿಯಿಂದಲೇ ಕಾಣೆಯಾದಂತೆ ತೋರುತ್ತದೆ.