ರಸ್ತೆಗೂ ಒಂದು ಸೂರು

“ನಿಮ್ಮನೆ ಮುಂದೆ ರಸ್ತೆಗೆ ಸೂರೇ ಇಲ್ಲ.”

ಹೋದ ವಾರ ಮಳೆ ಬಿಟ್ಟ ಮೇಲೆ ಪಕ್ಕದ ಮನೆಯ ಹುಡುಗಿ ಹೇಳಿದ ಮಾತು ಇದು. ಪಕ್ಕದ ಮನೆ ಅಂದರೆ ಅಮೆರಿಕದ ಅಯೋವಾ ರಾಜ್ಯದ ಹಳ್ಳಿಗಾಡಿನ ಲೆಕ್ಕದಲ್ಲಿ ಅರ್ಧ ಮೈಲಿ, ನಡುವೆ ಮೆಕ್ಕೆಜೋಳದ ಹೊಲ. ರೈತರ ಮಗಳು, ಐದನೇ ಕ್ಲಾಸು. ಅಪ್ಪನ ನಾಲ್ಕು ಅಡಿ ಉದ್ದದ ರಸಮಟ್ಟ ತಂದು ಅದರ ಒಂದು ತುದಿಯನ್ನು ಜಲ್ಲಿ ರಸ್ತೆಯ ನಟ್ಟನಡುವೆ ಊರಿದಳು. ಇನ್ನೊಂದು ತುದಿಯನ್ನು ಅಂಚಿನ ಕಡೆಗೆ ಚಾಚಿ, ಗುಳ್ಳೆ ಮಧ್ಯಕ್ಕೆ ಬರುವ ತನಕ ಎತ್ತಿ ಹಿಡಿದಳು. ಆ ತುದಿಯ ಕೆಳಗೆ ಎರಡು ಇಂಚು ಸಂದು ಇರಬೇಕಿತ್ತು. ಅವಳ ಕಿರುಬೆರಳೂ ತೂರಲಿಲ್ಲ.

ಎಂಜಿನಿಯರುಗಳು ಇದನ್ನು ಕ್ರೌನ್ ಅನ್ನುತ್ತಾರೆ. ಅವಳು ರೂಫ್ ಅಂದಳು. ಹೆಂಚಿನ ಮನೆ ಕಂಡವರಿಗೆ ಅವಳ ಮಾತೇ ಬೇಗ ಹತ್ತುತ್ತದೆ. ರಸ್ತೆಯ ನಡುವೆ ಮಾಡಿನ ನೆತ್ತಿಯಂತೆ ಎತ್ತರ, ಅಲ್ಲಿಂದ ಎರಡೂ ಅಂಚಿಗೆ ನೇರವಾದ ಇಳಿಜಾರು. ಅಡಿಗೆ ಅರ್ಧ ಇಂಚಿನ ಇಳಿತ, ಅಂದರೆ ಶೇಕಡಾ 4ರ ಆಸುಪಾಸು. 24 ಅಡಿ ಅಗಲದ ರಸ್ತೆಯಲ್ಲಿ ನಡುವಿನಿಂದ ಅಂಚಿಗೆ 12 ಅಡಿ. ಹಾಗಾಗಿ ನಡು ಅಂಚಿಗಿಂತ ಆರು ಇಂಚು ಮೇಲಿರಬೇಕು. ಇದಕ್ಕಿಂತ ಚಪ್ಪಟೆಯಾದರೆ ಬಿದ್ದ ನೀರು ಇಳಿದು ಹೋಗದೆ ಅಲ್ಲೇ ಕೂರುತ್ತದೆ. ಕೂತ ನೀರಿನ ಮೇಲೆ ಚಕ್ರ ಹಾದಂತೆಲ್ಲ ಜಲ್ಲಿಯ ನಡುವಿನ ಸಣ್ಣ ಮಣ್ಣು ಚಿಮ್ಮಿ ಹೋಗಿ ಗುಂಡಿ ಹುಟ್ಟುತ್ತದೆ. ಇದಕ್ಕಿಂತ ಕಡಿದಾದರೆ ಗಾಡಿ ಓಡಿಸುವವರು ಜಾರುವ ಭಯಕ್ಕೆ ನಡುಮಧ್ಯೆಯೇ ಹೋಗುತ್ತಾರೆ, ಎದುರು ಗಾಡಿ ಬಂದಾಗ ಕಷ್ಟ.

ಅಮೆರಿಕದಲ್ಲಿ ಡಾಂಬರಿಲ್ಲದ ರಸ್ತೆಯೇ ಎಂದು ಊರಿಂದ ಕೇಳುವವರಿದ್ದಾರೆ. ಅಯೋವಾದಲ್ಲಿ 99 ಕೌಂಟಿಗಳು. ಹೆಚ್ಚಿನವು ಸುಮಾರು 24 ಮೈಲಿ ಉದ್ದ, 24 ಮೈಲಿ ಅಗಲ, ನಮ್ಮ ತಾಲ್ಲೂಕಿಗಿಂತ ಒಂದು ಕೈ ದೊಡ್ಡದು. ಈ ಕೌಂಟಿಗಳ ಕೈಯಲ್ಲಿರುವ ರಸ್ತೆ ಎಲ್ಲ ಸೇರಿ ಸುಮಾರು 90,000 ಮೈಲಿ. ಅದರಲ್ಲಿ ಹೆಚ್ಚಿನ ಪಾಲು ಜಲ್ಲಿಯದೇ. ಡಾಂಬರು ಅಥವಾ ಕಾಂಕ್ರೀಟು ಕಂಡಿರುವ ಮುಖ್ಯ ಕೌಂಟಿ ರಸ್ತೆಗಳಿಗೆ ನೀಲಿ ಪಂಚಕೋನದಲ್ಲಿ ಹಳದಿ ಅಕ್ಷರದ ಫಲಕ. ಅಕ್ಷರ ನೋಡಿದರೆ ರಾಜ್ಯದ ಯಾವ ಮೂಲೆಯಲ್ಲಿದ್ದೀರಿ ಎಂದು ತಿಳಿಯುತ್ತದೆ: ಪೂರ್ವ ಪಶ್ಚಿಮವಾಗಿ ಹೋಗುವ ರಸ್ತೆಗೆ ಉತ್ತರದ ತುದಿಯಲ್ಲಿ ‘ಎ’, ದಕ್ಷಿಣಕ್ಕೆ ಇಳಿಯುತ್ತ ‘ಜೆ’ ತನಕ, ಉತ್ತರ ದಕ್ಷಿಣದ ರಸ್ತೆಗೆ ಪಶ್ಚಿಮದಲ್ಲಿ ‘ಕೆ’, ಪೂರ್ವಕ್ಕೆ ಹೋದಂತೆ ‘ಝಡ್’. ಏಮ್ಸ್ ಊರಿನ ಹತ್ತಿರ ಹಾದುಹೋಗುವ ಇ41 ಹಳೆಯ ಲಿಂಕನ್ ಹೆದ್ದಾರಿಯ ಜಾಡು. ಈ ಫಲಕವಿಲ್ಲದ ಉಳಿದೆಲ್ಲ ಜಲ್ಲಿ ರಸ್ತೆಗಳಿಗೆ ಬರೀ ಹಸಿರು ಹಲಗೆ. ಜೋಳದ ನಡುವೆ ‘310ನೇ ಸ್ಟ್ರೀಟ್’ ಎಂದಿರುತ್ತದೆ. ಆಂಬುಲೆನ್ಸಿನವರು ದಾರಿ ಹುಡುಕುವುದು ಅದನ್ನೇ ನಂಬಿ.

ರಸ್ತೆಗಳೆಲ್ಲ ಮೈಲಿಗೊಂದು, ಚೌಕಾಬಾರದ ಮನೆ ಗೀಚಿದ ಹಾಗೆ. 1785ರ ಭೂಮಿ ಕಾನೂನು ನೆಲವನ್ನು ಒಂದು ಚದರ ಮೈಲಿಯ, 640 ಎಕರೆಯ ಚೌಕಗಳಾಗಿ ಅಳೆಯಲು ಹೇಳಿತು. ಚೌಕದ ಗಡಿಯಲ್ಲೇ ಆಮೇಲೆ ರಸ್ತೆ ಬಿದ್ದವು, ಹಳೆಯ ರಸ್ತೆಗಳಿಗೆ ಬಿಟ್ಟ ಅಗಲ 66 ಅಡಿ. ಈ 66 ಎಂಬ ಅಂಕಿ ನಮಗೆ ಹೊಸದಲ್ಲ. ಅದು ನೆಲ ಅಳೆಯುವ ಗುಂಟರ್ ಸರಪಳಿಯ ಉದ್ದ. ನಮ್ಮ ಸರ್ವೆಯವರು ಎಳೆಯುವ 33 ಅಡಿಯ ಸರಪಳಿ ಅದರ ಸರಿ ಅರ್ಧ. ಆ ಅರ್ಧ ಸರಪಳಿ ಉದ್ದ, ಅರ್ಧ ಸರಪಳಿ ಅಗಲದ ನೆಲವೇ ನಮ್ಮ ಒಂದು ಗುಂಟೆ, 1,089 ಚದರ ಅಡಿ. ಲೆಕ್ಕ ಹಾಕಿ ನೋಡಿ: 66 ಅಡಿ ಅಗಲದ ಒಂದು ಮೈಲಿ ರಸ್ತೆ ತಿನ್ನುವ ನೆಲ ಕರಾರುವಾಕ್ಕಾಗಿ 8 ಎಕರೆ, 320 ಗುಂಟೆ.

ಆ 66 ಅಡಿಯಲ್ಲಿ ಗಾಡಿ ಓಡುವುದು 24 ಅಡಿಯಲ್ಲಿ ಮಾತ್ರ. ಉಳಿದ 42 ಅಡಿ ನೀರಿನದು. ಎರಡೂ ಕಡೆ ಇಳಿಜಾರು, ಅದರ ಬುಡದಲ್ಲಿ ಚರಂಡಿ, ಮತ್ತೆ ಹೊಲದ ಬೇಲಿಯ ತನಕ ಏರು. ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ನೆಲವನ್ನು ನೀರಿಗೆ ಬಿಟ್ಟಿದ್ದಾರೆ ಅನ್ನುವುದನ್ನು ಒಮ್ಮೆ ಗಮನಿಸಿದರೆ ಇಲ್ಲಿನ ರಸ್ತೆ ಬೇರೆಯದೇ ಆಗಿ ಕಾಣುತ್ತದೆ. ಚರಂಡಿಯ ಹುಲ್ಲನ್ನು ಜುಲೈ 15ಕ್ಕೆ ಮುಂಚೆ ಕೊಯ್ಯುವ ಹಾಗಿಲ್ಲ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು ಮರಿ ಮಾಡುವ ಕಾಲ. ಹೊಲಕ್ಕೋ ಮನೆಗೋ ದಾರಿ ಇಳಿಸಬೇಕೆಂದರೆ ಕೌಂಟಿಯಿಂದ ಪರವಾನಗಿ ಪಡೆದು, ಚರಂಡಿ ಕಟ್ಟದಂತೆ ಕೆಳಗೆ ಮೋರಿ ಪೈಪು ಹಾಕಲೇಬೇಕು. ಅಂಚೆ ಡಬ್ಬಿಗೂ ಅಳತೆಯಿದೆ: ತಳ ರಸ್ತೆಯ ಮಟ್ಟದಿಂದ 41ರಿಂದ 45 ಇಂಚು ಎತ್ತರ, ಕಂಬ ಗಾಡಿ ಬಡಿದರೆ ಮುರಿಯುವಷ್ಟು ಬಡಕಲಾಗಿರಬೇಕು. ಕಾಂಕ್ರೀಟು ತುಂಬಿದ ಕಬ್ಬಿಣದ ಪೈಪು ನೆಟ್ಟರೆ ಕಿತ್ತು ಹಾಕು ಎಂದು ಚೀಟಿ ಬರುತ್ತದೆ.

ಈ ಸೂರನ್ನು ಕಾಯುವವನು ಗ್ರೇಡರ್, ಅಂದರೆ ಉದ್ದನೆಯ ಅಲಗಿನಿಂದ ರಸ್ತೆ ಕೆರೆದು ಹದ ಮಾಡುವ ಯಂತ್ರ, ಓಡಿಸುವವನು. ಇವನಿಗೆ ಇಷ್ಟು ಮೈಲಿ ಎಂದು ಒಂದು ಪಾಲು ಗೊತ್ತುಮಾಡಿರುತ್ತಾರೆ. ಬೇಸಿಗೆಯಲ್ಲಿ ಅದೇ ರಸ್ತೆಯನ್ನು ಕೆರೆಯುವವನು, ಚಳಿಗಾಲದಲ್ಲಿ ಅದೇ ರಸ್ತೆಯ ಹಿಮ ದೂಡುವವನು ಅವನೇ. ಯಾವ ಮೋರಿಯ ಬಾಯಲ್ಲಿ ಹೂಳು ನಿಲ್ಲುತ್ತದೆ, ಯಾವ ತಿರುವಿನಲ್ಲಿ ಜಲ್ಲಿ ಹಾರುತ್ತದೆ ಎಂದು ಅವನಿಗೆ ಬಾಯಿಪಾಠ. ಕೆಲಸ ನೋಡಲು ಸುಲಭ, ಮಾಡಲು ಬಹಳ ನಯ ಬೇಕು. ಮಳೆ ಬಿದ್ದು ಜಲ್ಲಿ ಇನ್ನೂ ಹಸಿಯಿರುವಾಗ ಇಳಿಯಬೇಕು. ಒಣಗಿದ ಮೇಲೆ ಕೆರೆದರೆ ಧೂಳೇ ಹೊರತು ಜಲ್ಲಿ ಕೂರದು. ಅಲಗನ್ನು ರಸ್ತೆಗೆ ಓರೆಯಾಗಿ, 30ರಿಂದ 45 ಡಿಗ್ರಿಗೆ ತಿರುಗಿಸಬೇಕು, ಆಗ ಮಣ್ಣು ಅಲಗಿನ ಮುಂದೆ ಉರುಳುತ್ತಾ ಬೆರೆಯುತ್ತದೆ. ವೇಗ ಗಂಟೆಗೆ ಮೂರರಿಂದ ಐದು ಮೈಲಿ, ಮನುಷ್ಯ ಬಿರುಸಾಗಿ ನಡೆದಷ್ಟು. ಅದಕ್ಕಿಂತ ಜೋರಾದರೆ ಯಂತ್ರವೇ ಕುಪ್ಪಳಿಸುತ್ತದೆ, ಕುಪ್ಪಳಿಸಿದಷ್ಟೂ ರಸ್ತೆಯಲ್ಲಿ ತಗ್ಗು ದಿಣ್ಣೆ ಮೂಡುತ್ತದೆ. ಮೊದಲು ಅಂಚಿಗೆ ಚದುರಿದ ಜಲ್ಲಿಯನ್ನು ಎಳೆದು ತಂದು, ಆಮೇಲೆ ನಡುವಿಗೆ ಹರಡಬೇಕು.

ಕೆಡುವುದು ಎಲ್ಲಿ? ಅಲಗಿನ ಕೆಳಗೆ ಕಚ್ಚಿಸಿರುವ ಉಕ್ಕಿನ ಪಟ್ಟಿ ನಡುವಿನಲ್ಲಿ ಬೇಗ ಸವೆಯುತ್ತದೆ. ಸವೆದ ಪಟ್ಟಿಯಲ್ಲಿ ಎಷ್ಟೇ ಕೆರೆದರೂ ನೇರವಾದ ಎರಡು ಇಳಿಜಾರಿನ ಬದಲು ಬಾಗಿದ ಬೆನ್ನು ಬರುತ್ತದೆ: ನಡುವೆ ಚಪ್ಪಟೆ, ಅಂಚಿನಲ್ಲಿ ಕಡಿದು. ಇನ್ನೊಂದು ತಪ್ಪು, ಅಂಚಿನಲ್ಲಿ ಜಲ್ಲಿಯ ಬದುವನ್ನು ಹಾಗೇ ಬಿಟ್ಟು ಹೋಗುವುದು. ಅದರ ಮೇಲೆ ಹುಲ್ಲು ಬೆಳೆದು ಕಟ್ಟೆಯಾಗುತ್ತದೆ. ನೀರು ಚರಂಡಿಗೆ ಇಳಿಯದೆ ಕಟ್ಟೆಯ ಒಳಗೇ ಹರಿದು ರಸ್ತೆಯ ಅಂಚನ್ನು ಕೊರೆಯುತ್ತದೆ. ಸೂರಿದ್ದೂ ನೀರು ಒಳಗೇ ನಿಂತ ಹಾಗೆ. ನಾಲ್ಕು ದಾರಿ ಕೂಡುವಲ್ಲಿ ಮಾತ್ರ ಬೇಕೆಂದೇ ಸೂರನ್ನು ಇಳಿಸುತ್ತಾರೆ. ಕೂಡುವ ಜಾಗಕ್ಕೆ ನೂರಡಿ ಇರುವಾಗಲೇ ಸ್ವಲ್ಪಸ್ವಲ್ಪ ತಗ್ಗಿಸುತ್ತ ಬಂದು ಅಲ್ಲಿ ಸಮ ಮಾಡುತ್ತಾರೆ. ಹಲವು ಕಡೆ ಅಲ್ಲಿ ಸ್ಟಾಪ್ ಫಲಕವೂ ಇಲ್ಲ, ಬಲಗಡೆಯಿಂದ ಬಂದ ಗಾಡಿಗೆ ದಾರಿ ಬಿಡುವುದು ನಿಯಮ. ಜುಲೈ ಆಗಸ್ಟಿನಲ್ಲಿ ಜೋಳ ಆಳೆತ್ತರ ದಾಟಿದಾಗ ಬಲಗಡೆ ಏನೂ ಕಾಣದು. ಊರಿಂದ ಬಂದ ನೆಂಟರು ಕಾರು ಓಡಿಸುವುದಾದರೆ ಮೊದಲು ಹೇಳಬೇಕಾದ ಮಾತು ಇದು.

ಜಲ್ಲಿ ಅಂದರೆ ಯಾವ ಜಲ್ಲಿಯೂ ಆಗದು. ಮನೆ ಕಾಂಕ್ರೀಟಿಗೆ ತರುವ ತೊಳೆದ ಜಲ್ಲಿ ರಸ್ತೆಗೆ ಹಾಕಿದರೆ ಗೋಲಿಯಂತೆ ಉರುಳುತ್ತದೆ. ಮೇಲ್ಪದರಕ್ಕೆ ಒಡೆದ ಕಲ್ಲು, ಮರಳು, ಜೊತೆಗೆ ಕಚ್ಚಿಕೊಳ್ಳಲು ಜಿಗುಟು ಮಣ್ಣಿನ ನುಣುಪು ಪುಡಿ ಬೇಕು. ನಮ್ಮ ಗರಸಿನಲ್ಲಿ ಇರುವ ಹಾಗೆ. ಪುಡಿ ಕಡಿಮೆಯಾದರೆ ಕಲ್ಲು ಬಿಡಿಬಿಡಿ, ಹೆಚ್ಚಾದರೆ ಮಳೆಗೆ ಕೆಸರು. ಪ್ರಮಾಣವೂ ಸಣ್ಣದಲ್ಲ: 24 ಅಡಿ ಅಗಲಕ್ಕೆ ಒಂದೇ ಒಂದು ಇಂಚು ದಪ್ಪ ಹರಡಲು ಮೈಲಿಗೆ ಸುಮಾರು 390 ಘನ ಗಜ, ಐನೂರು ಟನ್ನಿನ ಮೇಲೆ. ಓಡಾಟಕ್ಕೆ ಪುಡಿಯಾಗಿ ಧೂಳಾಗಿ ಹಾರುವುದೂ ಇದೇ ಜಲ್ಲಿ. ಮನೆ ಮುಂದೆ ಧೂಳು ಬೇಡವೆಂದರೆ ಹಲವು ಕೌಂಟಿಗಳಲ್ಲಿ ಮನೆಯವರೇ ದುಡ್ಡು ಕೊಟ್ಟು ಕ್ಯಾಲ್ಸಿಯಂ ಕ್ಲೋರೈಡ್ ಹೊಡೆಸಿಕೊಳ್ಳಬೇಕು. ಅದು ಗಾಳಿಯ ತೇವ ಹೀರಿ ಪುಡಿಯನ್ನು ಹಿಡಿದಿಡುತ್ತದೆ.

ರಸ್ತೆಯ ಮೇಲೆ ತಗಡಿನ ಶೀಟಿನಂಥ ಅಲೆ ಬರುವುದನ್ನು ನಮ್ಮ ಮಣ್ಣಿನ ರಸ್ತೆಗಳಲ್ಲೂ ಕಂಡಿದ್ದೇವೆ. ಚಕ್ರ ಸಣ್ಣ ಉಬ್ಬೊಂದನ್ನು ಹತ್ತಿ ಎಗರುತ್ತದೆ, ಬಿದ್ದ ಜಾಗದಲ್ಲಿ ಬಿಡಿ ಜಲ್ಲಿಯನ್ನು ಹಿಂದೆ ಒದೆಯುತ್ತದೆ, ಅಲ್ಲೊಂದು ತಗ್ಗು, ಮುಂದೊಂದು ಉಬ್ಬು. ಹಿಂದೆ ಬರುವ ಗಾಡಿ ಅದನ್ನೇ ಇನ್ನಷ್ಟು ಆಳ ಮಾಡುತ್ತದೆ. ಬ್ರೇಕು ಒತ್ತುವಲ್ಲಿ, ಏರಿನಲ್ಲಿ, ತಿರುವಿನಲ್ಲಿ ಹೆಚ್ಚು. ಮೇಲೆ ಮೇಲೆ ಸವರಿ ತಗ್ಗಿಗೆ ಜಲ್ಲಿ ತುಂಬಿದರೆ ಅಲೆ ಬೇಗ ಮತ್ತೆ ಅಲ್ಲೇ ಏಳುತ್ತದೆ. ತಗ್ಗಿನ ತಳಕ್ಕಿಂತ ಕೆಳಗೆ ಕಡಿದು, ಹಸಿಯಿರುವಾಗ ಬೆರೆಸಿ ಹಾಸಿದರೆ ಮಾತ್ರ ಹೋಗುತ್ತದೆ.

ಮಾರ್ಚಿನದು ಬೇರೆಯೇ ಸಂಕಟ. ಚಳಿಗೆ ನೆಲ ಮೂರು ನಾಲ್ಕು ಅಡಿ ಆಳದ ತನಕ ಹೆಪ್ಪುಗಟ್ಟಿರುತ್ತದೆ. ಬಿಸಿಲು ಬಂದಾಗ ಕರಗುವುದು ಮೇಲಿನಿಂದ. ಕರಗಿದ ನೀರಿಗೆ ಕೆಳಗಿಳಿಯಲು ದಾರಿಯಿಲ್ಲ, ಕೆಳಗಿನ್ನೂ ಕಲ್ಲಿನಂಥ ಮಂಜು. ನಡುವೆ ಸಿಕ್ಕಿದ ಮಣ್ಣು ಅಂಬಲಿಯಾಗಿ ರಸ್ತೆ ಹಾಸಿಗೆಯಂತೆ ತೂಗುತ್ತದೆ. ಆಗ ಗ್ರೇಡರ್ ಇಳಿಸಿದರೆ ಅದೇ ಹೂತುಕೊಳ್ಳುತ್ತದೆ. ದೊಡ್ಡ ಕಲ್ಲು ಸುರಿದು ಭಾರದ ಲಾರಿಗಳನ್ನು ತಡೆದು ಕಾಯುವುದೊಂದೇ ಉಪಾಯ. ‘ಲೆವೆಲ್ ಬಿ’ ಎಂಬ ಫಲಕವಿರುವ ಬರೀ ಮಣ್ಣಿನ ರಸ್ತೆಗಳಿಗೆ ಆ ಕಾಲದಲ್ಲಿ ಇಳಿಯಲೇಬಾರದು. ಹೋದರೆ ನಿನ್ನ ಹೊಣೆ ಎಂದು ಫಲಕದಲ್ಲೇ ಬರೆದಿದೆ.

ಗ್ರೇಡರ್ ಬರುವ ಮುಂಚೆ, 1896ರ ಹೊತ್ತಿಗೆ ನೆರೆಯ ಮಿಸ್ಸೂರಿಯ ರೈತ ಡಿ. ವಾರ್ಡ್ ಕಿಂಗ್ ಒಂದು ಉಪಾಯ ಕಂಡುಕೊಂಡಿದ್ದ. ಸೀಳಿದ ದಿಮ್ಮಿಯ ಎರಡು ಹೋಳನ್ನು ಒಂದರ ಹಿಂದೊಂದು ಕಟ್ಟಿ, ಮಳೆಯಾದ ಮೇಲೆ ಕುದುರೆಗಳಿಂದ ರಸ್ತೆಯ ಮೇಲೆ ಓರೆಯಾಗಿ ಎಳೆಸಿದ. ಅಷ್ಟೇ. ರಸ್ತೆ ನಡುವೆ ಎತ್ತರಗೊಂಡು ಗಟ್ಟಿಯಾಯಿತು. ಅದರ ಚಿತ್ರ ನೋಡಿದರೆ ಗದ್ದೆ ಮಟ್ಟ ಮಾಡಲು ಎತ್ತಿಗೆ ಕಟ್ಟಿ ಎಳೆಸುವ ನಮ್ಮ ಕೊರಡಿನ ನೆನಪಾಗುತ್ತದೆ. ನೀರನ್ನು ಬಸಿಯುವ ವಿದ್ಯೆ ನಮಗೆ ಯಾರೂ ಕಲಿಸಬೇಕಿಲ್ಲ. ಮಲೆನಾಡಿನ ಅಡಿಕೆ ತೋಟದಲ್ಲಿ ಮಳೆಗಾಲಕ್ಕೆ ಮುಂಚೆ ಬಸಿಗಾಲುವೆ ಬಿಡಿಸದವರು ಯಾರಿದ್ದಾರೆ? ಬೇರಿಗೆ ನೀರು ನಿಂತರೆ ಮರ ಹೋಗುತ್ತದೆ ಎಂದು ತೋಟದ ಮಕ್ಕಳಿಗೂ ಗೊತ್ತು. ಅದೇ ತೋಟದ ಬೇಲಿಯಾಚೆಗಿನ ರಸ್ತೆಗೆ ಚರಂಡಿಯಿಲ್ಲ. ಇದ್ದ ಚರಂಡಿಯ ಮೇಲೆ ಬೇಲಿ ಸರಿದಿದೆ. ನಕಾಶೆಯಲ್ಲಿ ಬಂಡಿ ದಾರಿಗೆಂದು ಬಿಟ್ಟ ಅಗಲ ನೆಲದ ಮೇಲೆ ಎಲ್ಲಿ ಉಳಿದಿದೆ? ಮಳೆ ನೀರು ಡಾಂಬರಿನ ಮೇಲೇ ಹರಿಯುತ್ತದೆ, ಎರಡನೇ ಮಳೆಗಾಲಕ್ಕೆ ಅಂಚು ಕಿತ್ತು ಬರುತ್ತದೆ, ಕಳಪೆ ಡಾಂಬರು ಎಂದು ಬೈಯುತ್ತೇವೆ.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರಿನಲ್ಲಿ ಶುರುವಾಯಿತು. ರಸ್ತೆ ಮಾಡಿದ ಗುತ್ತಿಗೆದಾರನೇ ಐದು ವರ್ಷ ನಿರ್ವಹಣೆ ಮಾಡಬೇಕು ಎಂಬ ಷರತ್ತು ಅದರಲ್ಲಿದೆ. ಒಳ್ಳೆಯ ಷರತ್ತು. ಆರನೇ ವರ್ಷಕ್ಕೆ ಆ ರಸ್ತೆಯ ಮೋರಿ ಬಿಡಿಸುವ ಮನುಷ್ಯ ಯಾರು, ಅವನ ಫೋನ್ ನಂಬರು ಏನು ಎಂಬುದು ಊರವರಿಗೆ ಗೊತ್ತಿರಬೇಕು. ಇಲ್ಲಿನ ಕೌಂಟಿಗೂ ಹಣ ಧಾರಾಳವಲ್ಲ. ರಾಜ್ಯದ ರಸ್ತೆ ತೆರಿಗೆ ನಿಧಿಯಲ್ಲಿ ಶೇಕಡಾ 24.5 ಕೌಂಟಿ ರಸ್ತೆಗಳಿಗೆ, ಮತ್ತೆ ಶೇಕಡಾ 8 ಹೊಲದಿಂದ ಮಾರುಕಟ್ಟೆಗೆ ಹೋಗುವ ರಸ್ತೆಗಳಿಗೆ ಎಂದು ಹಂಚಿಕೆ, ಅದರ ಮೇಲೆ ಸ್ಥಳೀಯ ಆಸ್ತಿ ತೆರಿಗೆ. ಎಷ್ಟೋ ಹಳೆಯ ಸೇತುವೆಗಳ ಮುಂದೆ ಇಷ್ಟೇ ಟನ್ನು ಎಂಬ ಫಲಕ ನಿಂತಿದೆ, ಧಾನ್ಯದ ಲಾರಿಗಳು ಸುತ್ತಿ ಬಳಸಿ ಹೋಗುತ್ತವೆ. ಆದರೆ ಮುಂದಿನ ಐದು ವರ್ಷ ಯಾವ ಸೇತುವೆ, ಯಾವ ರಸ್ತೆ ಎಂಬ ಪಟ್ಟಿಯನ್ನು ಪ್ರತಿ ಕೌಂಟಿ ಎಂಜಿನಿಯರ್ ವರ್ಷವರ್ಷವೂ ರಾಜ್ಯಕ್ಕೆ ಒಪ್ಪಿಸಬೇಕು. ಅದು ಯಾರು ಬೇಕಾದರೂ ನೋಡಬಹುದಾದ ಪಟ್ಟಿ.

ಊರಿನಲ್ಲಿ ಈಗ ಮುಂಗಾರಿನ ಹೊತ್ತು. ಗಾರೆ ಕೆಲಸದವರ ಹತ್ತಿರ ರಸಮಟ್ಟ ಇದ್ದೇ ಇರುತ್ತದೆ. ಮನೆ ಮುಂದಿನದು ಮಣ್ಣಿನದೋ ಗರಸಿನದೋ ಆದರೆ ನಾಲ್ಕು ಅಡಿಗೆ ಎರಡು ಇಂಚು, ಡಾಂಬರಾದರೆ ಒಂದು ಇಂಚಾದರೂ ಸಂದು ಇದೆಯೇ ನೋಡಿ. ನೀರು ಅಂಚಿಗೆ ಬಂದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಮಳೆ ಸುರಿಯುವಾಗಲೇ ಕೊಡೆ ಹಿಡಿದು ನಿಂತು ನೋಡಿ.

ಹುಡುಗಿಯ ಅಪ್ಪ ಕೌಂಟಿ ಕಚೇರಿಗೆ ಫೋನ್ ಮಾಡಿದರು. ಗುರುವಾರ ರಾತ್ರಿ ಮಳೆ, ಶುಕ್ರವಾರ ಬೆಳಿಗ್ಗೆ ಗ್ರೇಡರ್ ಬಂತು. ಎರಡು ಸಲ ಹೋಗಿ ಎರಡು ಸಲ ಬಂತು. ಸಂಜೆ ಶಾಲೆಯ ಬಸ್ಸು ಇಳಿದವಳು ಬ್ಯಾಗನ್ನು ಅಂಚೆ ಡಬ್ಬಿಯ ಕಂಬಕ್ಕೆ ಒರಗಿಸಿ, ರಸಮಟ್ಟ ತಂದು ರಸ್ತೆಯ ನಡುವೆ ಮಂಡಿಯೂರಿದಳು. ಈ ಸಲ ಸಂದಿನಲ್ಲಿ ಮೂರು ಬೆರಳು ತೂರಿದವು. “ಇನ್ನೂ ಕಾಲಿಂಚು ಬೇಕು” ಅಂದಳು.