ಆಪ್ ಹೆಣ್ಣು, ಸರ್ವರ್ ಗಂಡು

ಕನ್ನಡದಲ್ಲಿ ಸರ್ವರ್ ಬಿತ್ತು, ಆಪ್ ಬಂತು, ಮೇಲ್ ಹೋಯಿತು. ಎಲ್ಲವೂ ನಪುಂಸಕ, ತಲೆಬಿಸಿ ಇಲ್ಲ. ಮ್ಯೂನಿಕ್‌ನ ಆಫೀಸಿನಲ್ಲಿ ದಿನವೂ ಜರ್ಮನ್ ಮಾತಾಡುವ ನನಗೆ ಆ ಸುಖ ಇಲ್ಲ. ಇಂಗ್ಲಿಷಿನಿಂದ ಬಂದ ಪದಕ್ಕೂ ಇಲ್ಲಿ ಒಂದು ಲಿಂಗ ಬೇಕು. ನಾಮಪದಕ್ಕೂ ಮೊದಲು ಬರುವ ಪುಟ್ಟ ಪದವೇ ಅದರ ಗುರುತು: ಡೆರ್ ಸರ್ವರ್ ಗಂಡು, ಡೀ ಆಪ್ ಹೆಣ್ಣು, ಡಾಸ್ ಅಪ್‌ಡೇಟ್ ನಪುಂಸಕ.

ನನಗೆ ಹೆಣ್ಣುಪದಗಳೇ ಇಷ್ಟ. ಕಾರಣ ಸೋಮಾರಿತನ. ನಮ್ಮ ವಿಭಕ್ತಿ ಪದದ ಬಾಲಕ್ಕೆ ಅಂಟುತ್ತದೆ: ಆಪ್‌ಗೆ, ಆಪ್‌ನಲ್ಲಿ. ಜರ್ಮನ್ ಹೆಣ್ಣುಪದ ಏಕವಚನದಲ್ಲಿ ಅಲ್ಲಾಡುವುದೇ ಇಲ್ಲ, ಬದಲಾಗುವುದು ಮೊದಲು ಬರುವ ಆ ಪುಟ್ಟ ಪದ ಮಾತ್ರ. ಸರ್ವರ್‌ಗಾದರೆ ಷಷ್ಠಿಯಲ್ಲಿ 'ಡೆಸ್ ಸರ್ವರ್ಸ್' ಅಂತ ಬಾಲ ಬರುತ್ತದೆ. ಹೆಣ್ಣಾದ ಕ್ಲೌಡ್‌ಗೆ ಅದೂ ಇಲ್ಲ, ಬರೀ 'ಡೆರ್ ಕ್ಲೌಡ್'. ಚತುರ್ಥಿಯಲ್ಲೂ ಅದೇ.

ಹೊಸಬರು ಎಡವುವುದು ಈ 'ಡೆರ್' ಹತ್ತಿರವೇ. ಡೇಟಾ 'ಇನ್ ಡೆರ್ ಕ್ಲೌಡ್' ಇದೆ ಅಂದಾಗ ಕ್ಲೌಡ್ ಗಂಡು ಅನ್ನಿಸುತ್ತದೆ ಅಲ್ವಾ? ಅಲ್ಲ. ಅದು ಡೀ ಕ್ಲೌಡ್, ವಿಭಕ್ತಿಯಿಂದ ವೇಷ ಬದಲಾಗಿದೆ ಅಷ್ಟೇ. ಬಹುವಚನದಲ್ಲೂ ಒಂದು ರಿಯಾಯಿತಿ ಇದೆ: ಚತುರ್ಥಿಗೆ ಸೇರುವ 'ನ್' ಎಸ್ ಬಾಲದ ಪದಗಳಿಗೆ ಬೇಡ. 'ಆಪ್‌ಗಳ ಜೊತೆ' ಅನ್ನಲು 'ಮಿಟ್ ಡೆನ್ ಆಪ್ಸ್' ಅಂದರೆ ಸಾಕು. ಸರ್ವರ್ ಪಾಪ, 'ಡೆನ್ ಸರ್ವರ್ನ್' ಆಗಬೇಕು.

ಲಿಂಗ ಹಚ್ಚುವವರು ಯಾರು? ಯಾರೂ ಕೂತು ತೀರ್ಮಾನಿಸುವುದಿಲ್ಲ. ಜಾಸ್ತಿ ಸಲ ಅದೇ ಅರ್ಥದ ಜರ್ಮನ್ ಪದದ ಲಿಂಗವೇ ಅಂಟಿಕೊಳ್ಳುತ್ತದೆ. ಮೋಡಕ್ಕೆ ಡೀ ವೋಲ್ಕೆ, ಹಾಗಾಗಿ ಡೀ ಕ್ಲೌಡ್. ಅಂಚೆಗೆ ಡೀ ಪೋಸ್ಟ್, ಹಾಗಾಗಿ ಡೀ ಮೇಲ್. ಸಾಫ್ಟ್‌ವೇರ್ ಹೆಣ್ಣಾಗಿದ್ದು ಸರಕು ಅನ್ನುವ ಅರ್ಥದ ಡೀ ವಾರೆ ದೆಸೆಯಿಂದ. ಆದರೆ ಈ ಸೂತ್ರವನ್ನು ಪೂರ್ತಿ ನಂಬಬೇಡಿ. ಅಪ್‌ಡೇಟ್‌ಗೆ ಜರ್ಮನ್ನಿನಲ್ಲಿ ಡೀ ಆಕ್ಚುವಲಿಸೀರುಂಗ್ ಅನ್ನುತ್ತಾರೆ, ಅಪ್ಪಟ ಹೆಣ್ಣು. ಆದರೂ ಡಾಸ್ ಅಪ್‌ಡೇಟ್!

ಗಡಿ ದಾಟಿದರೆ ಇನ್ನೊಂದು ತಮಾಷೆ. ವಿಯೆನ್ನಾದ ನನ್ನ ಸಹೋದ್ಯೋಗಿಗೆ ಅದು 'ಡಾಸ್ ಇಮೇಲ್', ಹ್ಯಾಂಬರ್ಗ್‌ನವಳಿಗೆ 'ಡೀ'. ಡೂಡೆನ್ ನಿಘಂಟು ಎರಡನ್ನೂ ಒಪ್ಪುತ್ತದೆ. ಯುಆರ್‌ಎಲ್‌ಗೂ, ಅಂದರೆ ವೆಬ್ ವಿಳಾಸಕ್ಕೂ, ಸಾಮಾನ್ಯವಾಗಿ 'ಡೀ', ಅಪರೂಪಕ್ಕೆ 'ಡೆರ್'. ಮೀಟಿಂಗಿನಲ್ಲಿ ಇವರಿಬ್ಬರೂ ಒಂದೇ ಇಮೇಲ್ ಬಗ್ಗೆ ಬೇರೆ ಬೇರೆ ಲಿಂಗದಲ್ಲಿ ಮಾತಾಡುತ್ತಿರುತ್ತಾರೆ, ಒಬ್ಬರನ್ನೊಬ್ಬರು ತಿದ್ದುವುದಿಲ್ಲ. ನಾನು ಮಾತ್ರ ಹ್ಯಾಂಬರ್ಗ್ ಪಕ್ಷ.